ಟೈರ್ ಪಾಲಿಶ್ ಎಡವಟ್ಟುಗಳು: ಕರಿ ಚುಕ್ಕಿ, ಜಿಡ್ಡು, ಕಂದು ಬಣ್ಣ, ಬಿರುಕು

ಕಳೆದ ವರ್ಷ ಅಂಕೋಲಾದಲ್ಲಿ ಒಂದು ಮದುವೆ ಇತ್ತು. ಬೆಳಿಗ್ಗೆ ಏಳಕ್ಕೆ ಕಾರು ತೊಳೆದು, ಟೈರಿಗೆ ಧಾರಾಳವಾಗಿ ಪಾಲಿಶ್ ಬಳಿದು, ಅದು ಹಸಿ ಇರುವಾಗಲೇ ಕಾರವಾರದಿಂದ ಹೊರಟೆ. ಮೂವತ್ತು ಚಿಲ್ಲರೆ ಕಿಲೋಮೀಟರು, ಹೈವೇಯಲ್ಲಿ ಒಂದೇ ಸಮ ಓಡಿಸಿದ್ದು. ಮಂಟಪದ ಎದುರು ಇಳಿದು ನೋಡಿದರೆ ಬಿಳಿ ಕಾರಿನ ನಾಲ್ಕೂ ಚಕ್ರದ ಹಿಂದೆ ಕರಿ ಚುಕ್ಕಿಗಳ ಸಾಲು, ಯಾರೋ ಬ್ರಷ್ಷಿಗೆ ಮಸಿ ಅದ್ದಿ ಕೊಡವಿದ ಹಾಗೆ. ಇಳಿಯುವಾಗ ಹೆಂಡತಿಯ ಸೆರಗು ಬಾಗಿಲಿಗೆ ತಾಗಿ ಅದಕ್ಕೂ ಒಂದು ಗೆರೆ. ಆ ದಿನ ಊಟ ಹೇಗಿತ್ತು ಅಂತ ನನಗೆ ನೆನಪಿಲ್ಲ.

ಬಾಟಲಿಯನ್ನು ಬೈದೆ. ಬಾಟಲಿಯದ್ದೇನೂ ತಪ್ಪಿರಲಿಲ್ಲ. ಆಮೇಲೆ ನಮ್ಮ ಕಾರು, ಶಿರಸಿ ಭಾವನ ಜೀಪು, ಪಕ್ಕದ ಮನೆಯ ಹಳೇ ಮಾರುತಿ ಎಲ್ಲದರ ಟೈರು ಉಜ್ಜಿ ಉಜ್ಜಿ ಗೊತ್ತಾದದ್ದು ಇಷ್ಟು: ಪಾಲಿಶ್ ಕೈಕೊಟ್ಟಿತು ಅಂದರೆ ಸಾಮಾನ್ಯವಾಗಿ ತೊಳೆದದ್ದು ಸಾಲದು, ಒಣಗಿದ್ದು ಸಾಲದು, ಇಲ್ಲವೇ ಬಳಿದದ್ದು ಜಾಸ್ತಿ. ನಮ್ಮ ಕಡೆ ಅದರಲ್ಲೂ ಒಣಗುವುದೇ ದೊಡ್ಡ ತಲೆನೋವು. ಬಾಟಲಿ ಮೇಲೆ ಹತ್ತು ನಿಮಿಷ ಅಂತ ಬರೆದಿದ್ದರೆ ಕಾರವಾರದ ಹವೆಗೆ ಅದನ್ನು ಅರ್ಧ ಗಂಟೆ ಅಂತ ಓದಿಕೊಳ್ಳಬೇಕು. ಬೆಳಿಗ್ಗೆ ಒಗೆದ ಟವೆಲ್ ಸಂಜೆಗೂ ತಂಪು ತಂಪು ಇರುವ ಊರಲ್ಲಿ ಟೈರು ಮಾತ್ರ ಬೇಗ ಒಣಗುತ್ತದಾ?

ಇಲ್ಲಿ ಹೇಳುತ್ತಿರುವುದು ಫಳಫಳ ಹೊಳೆಯುವ ಟೈರಿನ ಬಗ್ಗೆ ಅಲ್ಲ. ಟೈರು ಹೊಸದಾಗಿ ಬಂದಾಗ ಹೇಗಿತ್ತೋ ಹಾಗೆ, ಕಪ್ಪಗೆ, ಜಿಡ್ಡಿಲ್ಲದೆ ಕಾಣಬೇಕು ಅನ್ನುವವರಿಗೆ ಇದು.

ಬಾಟಲಿ ತೆಗೆಯುವ ಮೊದಲು ಬಿಳಿ ಬಟ್ಟೆ

ಕಾಸು ಖರ್ಚಿಲ್ಲದ ಪರೀಕ್ಷೆ ಮೊದಲು. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ಬಿಟ್ಟು, ಕೀಲಿ ಕಿಸೆಗೆ ಹಾಕಿಕೊಳ್ಳಿ. ಘಟ್ಟ ಇಳಿದು ಬಂದಿದ್ದರೆ ಅರ್ಧ ಗಂಟೆ ಸುಮ್ನೆ ಬಿಡಿ. ದೇವಿಮನೆ ಘಟ್ಟ ಇಳಿದ ಗಾಡಿಯ ಬ್ರೇಕ್ ಡಿಸ್ಕು ಮುಟ್ಟಿದರೆ ಕೈ ಸುಡುತ್ತದೆ, ಚಕ್ರವೂ ಕಾದಿರುತ್ತದೆ. ಬಿಸಿ ಟೈರಿನ ಮೇಲೆ ಹಾಕಿದ ಸೋಪಿನ ನೀರು ಉಜ್ಜುವ ಮೊದಲೇ ಒಣಗಿ ಕಲೆ ಬಿಡುತ್ತದೆ.

ಹಳೇ ಬಿಳಿ ಬನಿಯನ್ ಹರಿದು ಒಂದು ತುಂಡು ಒದ್ದೆ ಮಾಡಿ ಹಿಂಡಿಕೊಳ್ಳಿ. ಟೈರಿನ ಸೈಡ್‌ವಾಲ್, ಅಂದರೆ ಕಂಪನಿ ಹೆಸರು ಬರೆದಿರುವ ಆ ಕೆನ್ನೆಯ ಭಾಗವನ್ನು ಅಂಗೈ ಅಗಲ ಒತ್ತಿ ಒರೆಸಿ. ಬಟ್ಟೆಗೆ ಏನು ಬಂತು ನೋಡಿ. ಕರಿ ಜಿಡ್ಡು ಬಂದರೆ ಹಿಂದೆ ಹಾಕಿದ ಪಾಲಿಶ್ ಜಾಸ್ತಿಯಾಗಿ ಹಾಗೇ ಕೂತಿದೆ. ಕೆಂಪು ಪುಡಿ ಬಂದರೆ ಮಣ್ಣು, ಅದು ಸುಲಭ. ಚಹಾ ಚೆಲ್ಲಿದ ಹಾಗೆ ಕಂದು ಬಂದರೆ ರಬ್ಬರಿನ ಒಳಗಿಂದ ಬಂದದ್ದು ಅಥವಾ ಹಳೇ ಪಾಲಿಶ್, ಅದಕ್ಕೆ ಸ್ವಲ್ಪ ರಟ್ಟೆ ಬೇಕು. ಬಟ್ಟೆಗೆ ಏನೂ ಬಾರದೆ ಟೈರು ಮಾತ್ರ ಬೂದು ಬೂದು ಕಂಡು, ಬೆರಳಿಗೆ ಸಣ್ಣ ಗೀರುಗಳು ಸಿಕ್ಕಿದರೆ ರಬ್ಬರಿಗೆ ವಯಸ್ಸಾಗಿದೆ. ಅದಕ್ಕೆ ಪಾಲಿಶ್ ಔಷಧ ಅಲ್ಲ, ಕೆಳಗೆ ಬಿರುಕಿನ ಭಾಗಕ್ಕೆ ನೇರ ಹೋಗಿ.

ಬಾಗಿಲು, ಮಡ್‌ಗಾರ್ಡಿನ ಮೇಲೆ ಕರಿ ಚುಕ್ಕಿ

ನನ್ನ ಮದುವೆ ಮನೆ ಕಥೆ ಇದೇ. ಆದರೆ ಎಲ್ಲ ಕರಿ ಚುಕ್ಕಿಯೂ ಪಾಲಿಶ್ ಅಲ್ಲ, ಅದನ್ನು ಮೊದಲು ಬೇರೆ ಮಾಡಿ. ಪಾಲಿಶ್ ಆಗಿದ್ದರೆ ಚುಕ್ಕಿಗಳು ಚಕ್ರದ ಹಿಂದೆ ಬಿಲ್ಲಿನ ಹಾಗೆ ಬಾಗಿದ ಸಾಲಿನಲ್ಲಿರುತ್ತವೆ, ಒದ್ದೆ ಬೆರಳಲ್ಲಿ ಮುಟ್ಟಿದರೆ ಮಸಿಯಂತೆ ಹರಡುತ್ತವೆ. ಡಾಂಬರು ಆಗಿದ್ದರೆ ಸಣ್ಣ ಗಟ್ಟಿ ಗುಳ್ಳೆ, ಉಗುರಿಗೆ ತಡೆಯುತ್ತದೆ, ಬೆರಳಿಗೆ ಹತ್ತುವುದಿಲ್ಲ, ಬಾಗಿಲಿನ ಕೆಳಗಿನ ಅಂಚಿನುದ್ದಕ್ಕೂ ಇರುತ್ತದೆ. ಹೊಸದಾಗಿ ಡಾಂಬರು ಹಾಕಿದ ರಸ್ತೆಯಲ್ಲಿ ಓಡಿಸಿದ್ದರೆ ಎರಡನೆಯದೇ ಇರಬೇಕು. ಅದಕ್ಕೆ ಟಾರ್ ರಿಮೂವರ್ ಅಂತಲೇ ಬೇರೆ ಸಿಗುತ್ತದೆ, ಪಾಲಿಶನ್ನು ದೂರಬೇಡಿ.

ಪಾಲಿಶ್ ಚುಕ್ಕಿ ತೆಗೆಯಲು ಒಣ ಬಟ್ಟೆಯಲ್ಲಿ ಉಜ್ಜುವುದು ದೊಡ್ಡ ತಪ್ಪು, ನಾನು ಮದುವೆ ಮನೆ ಎದುರು ಕರ್ಚೀಫಿನಲ್ಲಿ ಮಾಡಿದ್ದು ಅದನ್ನೇ. ಆ ಚುಕ್ಕಿಯಲ್ಲಿ ರಸ್ತೆಯ ಧೂಳು, ಮರಳು ಸೇರಿರುತ್ತದೆ, ಉಜ್ಜಿದರೆ ಬಣ್ಣದ ಮೇಲೆ ಕೂದಲೆಳೆಯ ಗೀರು ಬೀಳುತ್ತದೆ, ಬಿಸಿಲಲ್ಲಿ ನಿಂತು ನೋಡಿದರೆ ನಮ್ಮ ಹಿಂದಿನ ಬಾಗಿಲ ಮೇಲೆ ಈಗಲೂ ಕಾಣುತ್ತದೆ. ಮೊದಲು ನೀರು ಹಾಯಿಸಿ, ಆಮೇಲೆ ಕಾರ್ ಶಾಂಪೂ ನೊರೆಯನ್ನು ಎರಡು ನಿಮಿಷ ಬಿಟ್ಟು, ಮೆತ್ತಗಿನ ಬಟ್ಟೆಯಲ್ಲಿ ಒತ್ತದೆ ಒರೆಸಿ. ಅಷ್ಟಕ್ಕೇ ಹೋಗುತ್ತದೆ. ಹೋಗದಿದ್ದರೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲಿಗೆ ಅಷ್ಟೇ ನೀರು ಬೆರೆಸಿ, ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಪರೀಕ್ಷೆ ಮಾಡಿ, ಆಮೇಲೆ ಚುಕ್ಕಿಯ ಮೇಲೆ ಮಾತ್ರ ಹಚ್ಚಿ ತೆಗೆಯಿರಿ. ಸೀಮೆಎಣ್ಣೆ, ಪೆಟ್ರೋಲು ಬೇಡ. ಇನ್ನೊಂದು ಮಾತು, ಬಾಗಿಲಿಗೆ ಪೇಂಟಿಂಗ್ ಮಾಡಿಸುವುದಿದ್ದರೆ ಪೇಂಟರಿಗೆ ಮೊದಲೇ ಹೇಳಿ. ಪಾಲಿಶಿನಲ್ಲಿರುವ ಸಿಲಿಕೋನ್ ಸ್ವಲ್ಪ ಉಳಿದರೂ ಹೊಸ ಬಣ್ಣ ಅಲ್ಲಿ ಕೂರದೆ ಮೀನಿನ ಕಣ್ಣಿನ ಹಾಗೆ ಗುಂಡಗೆ ಕುಳಿ ಬೀಳುತ್ತದೆ.

ಮತ್ತೆ ಆಗದಂತೆ ಏನು ಮಾಡಬೇಕು? ಕಡಿಮೆ ಹಾಕಬೇಕು, ಅಷ್ಟೇ. ಒಂದು ಕಾರ್ ಟೈರಿಗೆ ಒಂದು ಚಿಕ್ಕ ಚಹಾ ಚಮಚದಷ್ಟು ಸಾಕು. ನೇರ ಟೈರಿನ ಮೇಲೆ ಸುರಿಯಬೇಡಿ, ಸ್ಪಂಜಿಗೆ ಹಾಕಿ, ಸ್ಪಂಜನ್ನು ಟೈರಿಗೆ ಒತ್ತಿ. ಸ್ಪ್ರೇ ಬಾಟಲಿ ಇದ್ದರೂ ಹೀಗೇ, ಸ್ಪಂಜಿನ ಮೇಲೆ ಸ್ಪ್ರೇ. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಒಣ ಬಟ್ಟೆಯಲ್ಲಿ ಒಂದು ಸುತ್ತು ಒರೆಸಿ ತೆಗೆಯಿರಿ. ಒರೆಸಿದರೆ ಹಾಕಿದ್ದೆಲ್ಲ ಹೋಯಿತಲ್ಲ ಅನ್ನಿಸುತ್ತದೆ, ಆದರೆ ಹೋಗುವುದು ರಬ್ಬರಿಗೆ ಹಿಡಿಯದೆ ಮೇಲೆ ತೇಲುತ್ತಿದ್ದ ಭಾಗ ಮಾತ್ರ, ಬಾಗಿಲಿಗೆ ಹಾರುವುದೂ ಅದೇ. ಬೆರಳಿಟ್ಟರೆ ಬೆರಳು ಕಪ್ಪಾಗಬಾರದು. ಆಗುತ್ತಿದ್ದರೆ ಇನ್ನೊಮ್ಮೆ ಒರೆಸಿ. ಬೆಳಿಗ್ಗೆ ಪ್ರಯಾಣ ಇದ್ದರೆ ಹಿಂದಿನ ಸಂಜೆಯೇ ಹಚ್ಚಿಡಿ.

ಜಿಡ್ಡು ಹೊಳಪು, ಮರಳು ಧೂಳು ಅಂಟುತ್ತದೆ

ಟಾಗೋರ್ ಬೀಚಿನ ಹತ್ತಿರ ಒಂದು ಸಂಜೆ ಕಾರು ನಿಲ್ಲಿಸಿ ಬಂದರೆ ಟೈರಿಗೆ ಮರಳು ಹಿಡಿದು, ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕಲು ಇಟ್ಟ ಮೀನಿನ ತುಂಡಿನ ಹಾಗೆ ಕಾಣುತ್ತದೆಯೇ? ಹಾಗಾದರೆ ಅಲ್ಲಿ ಹಸಿ ಜಿಡ್ಡಿದೆ. ಮೊದಲ ಅನುಮಾನ ಪ್ರಮಾಣದ ಮೇಲೆ, ಅದನ್ನು ಮೇಲೆ ಹೇಳಿದೆ. ಕಡಿಮೆ ಹಾಕಿ ಒರೆಸಿದ ಮೇಲೂ ಹೀಗೇ ಆದರೆ ಪಾಲಿಶಿನ ಜಾತಿ ನೋಡಬೇಕು.

ಮುಖ್ಯವಾಗಿ ಎರಡು ಜಾತಿ. ಒಂದು ನೀರಿನ ಆಧಾರದ್ದು, ಬಾಟಲಿ ಮೇಲೆ ವಾಟರ್ ಬೇಸ್ಡ್ ಅಂತ ಇರುತ್ತದೆ, ಬಗ್ಗಿಸಿದರೆ ತೆಳು ಕಾಯಿಹಾಲಿನ ಹಾಗೆ ಬೆಳ್ಳಗೆ. ನೀರು ಆರಿದ ಮೇಲೆ ತೆಳ್ಳನೆ ಪದರ ಉಳಿಯುತ್ತದೆ, ಹೊಳಪು ಮಂದ. ಇನ್ನೊಂದು ಸಾಲ್ವೆಂಟ್ ಆಧಾರದ್ದು, ಎಣ್ಣೆಯಂತೆ ತಿಳಿಯಾಗಿ ಇರುತ್ತದೆ, ಸೀಮೆಎಣ್ಣೆ ವಾಸನೆ, ಡಬ್ಬದ ಮೇಲೆ ಬೆಂಕಿಯ ಚಿತ್ರ. ಮಳೆಗೆ ಜಾಸ್ತಿ ತಡೆಯುತ್ತದೆ, ಆದರೆ ಒದ್ದೆ ಒದ್ದೆ ಹೊಳೆಯುತ್ತದೆ, ಜಿಡ್ಡು ಬಿಡುತ್ತದೆ, ಹಾರುವುದೂ ಜಾಸ್ತಿ. ಸಹಜವಾಗಿ ಕಾಣಬೇಕು ಅಂದರೆ ಮೊದಲನೆಯದೇ. ಲೇಬಲ್ಲಿನಲ್ಲಿ ಮ್ಯಾಟ್ ಅಥವಾ ಸ್ಯಾಟಿನ್ ಅಂತಿರುವುದನ್ನು ತನ್ನಿ, ವೆಟ್ ಲುಕ್, ಹೈ ಗ್ಲಾಸ್ ಅಂತಿದ್ದರೆ ಅಂಗಡಿಯಲ್ಲೇ ಇಟ್ಟು ಬನ್ನಿ. ನೀರಿನ ಆಧಾರದ್ದನ್ನು ಇನ್ನೂ ಮಂದ ಮಾಡಲು ನೀರು ಬೆರೆಸಬಹುದು ಅಂತ ಕೆಲವು ಬಾಟಲಿಗಳಲ್ಲೇ ಬರೆದಿರುತ್ತದೆ, ಬರೆದಿದ್ದರೆ ಮಾತ್ರ ಮಾಡಿ.

ಈಗ ಮನೆಮದ್ದು. ಕೊಬ್ಬರಿ ಎಣ್ಣೆ ಹಚ್ಚಿದರೆ ಆ ಕ್ಷಣಕ್ಕೆ ಚೆಂದ, ಆದರೆ ಅದು ಒಣಗುವ ಎಣ್ಣೆಯೇ ಅಲ್ಲ, ಮರುದಿನಕ್ಕೆ ಅಂಗಳದ ಧೂಳೆಲ್ಲ ಅಲ್ಲೇ. ಗ್ಲಿಸರಿನ್ ಒಳ್ಳೆಯದು ಅಂತ ಹೇಳುವವರಿದ್ದಾರೆ. ಗ್ಲಿಸರಿನ್ನಿಗೆ ಗಾಳಿಯ ತೇವ ಹೀರುವ ಗುಣ ಇದೆ, ಬಯಲುಸೀಮೆಯಲ್ಲಿ ಏನೋ ನಡೆದೀತು, ಸಮುದ್ರದ ಪಕ್ಕ ಅದು ಇಡೀ ದಿನ ಅಂಟಂಟಾಗಿಯೇ ಇರುತ್ತದೆ, ಮಳೆ ಬಂದರೆ ನೀರಲ್ಲಿ ಕರಗಿ ಹೋಗುತ್ತದೆ. ಡೀಸೆಲ್ ಮತ್ತು ಸುಟ್ಟ ಆಯಿಲ್ ಮಾತ್ರ ಖಂಡಿತ ಬೇಡ. ಮಳೆಗಾಲಕ್ಕೆ ಮೊದಲು ತುಕ್ಕು ಹಿಡಿಯದಿರಲಿ ಅಂತ ಗಾಡಿಯ ಅಡಿಗೆ ಅದನ್ನು ಹೊಡೆಸುವ ರೂಢಿ ನಮ್ಮ ಕಡೆ ಇದೆ, ಹೊಡೆಯುವ ಹುಡುಗ ಟೈರಿಗೂ ಒಂದು ಕೈ ಹೊಡೆದು ‘ಶೈನಿಂಗ್ ಬರ್ತದೆ ಅಣ್ಣ’ ಅನ್ನುತ್ತಾನೆ. ಪೆಟ್ರೋಲಿಯಂ ಎಣ್ಣೆ ರಬ್ಬರಿನೊಳಗೆ ಇಳಿದು ಅದನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಬೇಡ ಅಂತ ಮೊದಲೇ ಹೇಳಿ, ಹೊಡೆದು ಆಗಿದ್ದರೆ ಅವತ್ತೇ ಸೋಪು ಹಾಕಿ ತೊಳೆಯಿರಿ.

ಪಟ್ಟೆ ಪಟ್ಟೆ, ಅಕ್ಷರದ ಸಂದಿಯಲ್ಲಿ ಬಿಳಿ

ಇದಕ್ಕೆ ಜಾಸ್ತಿ ಹೇಳುವುದೇನಿಲ್ಲ, ಒದ್ದೆ ಟೈರಿಗೆ ಬಳಿದಿದ್ದೀರಿ. ಮೇಲಿಂದ ಒಣಗಿದಂತೆ ಕಂಡರೂ ಉಬ್ಬಿದ ಅಕ್ಷರಗಳ ಸಂದಿ, ರಿಮ್ಮಿಗೆ ಟೈರು ಸೇರುವ ಗೆರೆ, ಅಲ್ಲೆಲ್ಲ ನೀರು ನಿಂತಿರುತ್ತದೆ. ನೀವು ಬಳಿಯುವಾಗ ಅದು ಇಳಿದು ಬಂದು ಪಾಲಿಶನ್ನು ತೊಳೆದುಕೊಂಡು ಹೋಗುತ್ತದೆ, ಕಣ್ಣೀರು ಇಳಿದ ಹಾಗೆ ಗೆರೆ. ತೊಳೆದ ಮೇಲೆ ಗಾಡಿಯನ್ನು ಅಂಗಳದಿಂದ ಗೇಟಿನವರೆಗೆ ಒಮ್ಮೆ ಹಿಂದೆ ಮುಂದೆ ಮಾಡಿ, ಸಂದಿಯ ನೀರು ಕೆಳಗೆ ಬೀಳುತ್ತದೆ. ಹಳೇ ಹಲ್ಲುಜ್ಜುವ ಬ್ರಷ್ಷಿಗೆ ಒಣ ಬಟ್ಟೆ ಸುತ್ತಿ ಅಕ್ಷರದ ಸಂದಿ ಒರೆಸಿ. ಬೋರ್‌ವೆಲ್ ನೀರಾದರೆ ಆರಿದ ಮೇಲೆ ಸುಣ್ಣದ ಕಲೆ ಉಳಿಯುತ್ತದೆ, ಅದು ಬೇರೆ ಬಿಳಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಕೂಡಲೇ ಒಣಗಿಸಿದರೆ ಆಯಿತು.

ಗೆರೆ ಇಲ್ಲದೆ ಒಂದು ಕಡೆ ಕಪ್ಪು, ಇನ್ನೊಂದು ಕಡೆ ಬೂದು ಮಚ್ಚೆ ಆಗಿದ್ದರೆ ಕೆಳಗೆ ಹಳೇ ಪಾಲಿಶ್ ಅಲ್ಲಲ್ಲಿ ಉಳಿದಿದೆ. ಮುಂದಿನ ಭಾಗ ಓದಿ.

ಎಷ್ಟು ತೊಳೆದರೂ ಟೈರು ಕಂದು

ಶಿರಸಿಯಿಂದ ಭಾವ ಫೋನ್ ಮಾಡಿದ್ದ. ‘ಎಂತ ಮಾರಾಯ, ಎಷ್ಟ್ ತೊಳದ್ರೂ ಟೈರು ಕೆಂಪೇ ಇದ್ದು!’ ತೋಟದ ರಸ್ತೆಯಲ್ಲಿ ಓಡುವ ಜೀಪು, ಕೆಂಪು ಮಣ್ಣೇ ಇರಬೇಕು ಅಂತ ನಾನೂ ಅಂದುಕೊಂಡೆ. ಹೋಗಿ ಬಿಳಿ ಬಟ್ಟೆ ಹಾಕಿದರೆ ಮೊದಲ ಸಲ ಕೆಂಪು ಪುಡಿ ಬಂತು, ನಿಜ. ಪೈಪಿನಲ್ಲಿ ನೀರು ಬಿಟ್ಟು ಮಣ್ಣೆಲ್ಲ ಹೋದ ಮೇಲೆ ಎರಡನೇ ಸಲ ಒರೆಸಿದರೆ ಗಾಢ ಕಂದು. ಅಂದರೆ ಎರಡು ಪದರ. ಮೇಲಿನದ್ದು ಮಣ್ಣು, ಕೆಳಗಿನದ್ದು ಟೈರಿನದ್ದೇ.

ಟೈರಿನದ್ದು ಅಂದರೆ ಹೇಗೆ? ರಬ್ಬರ್ ಕಪ್ಪಾಗಿರುವುದು ಅದಕ್ಕೆ ಬೆರೆಸಿದ ಕಾರ್ಬನ್ ಬ್ಲ್ಯಾಕ್‌ನಿಂದ. ಅದರ ಜೊತೆ ಮೇಣ, ಮತ್ತೆ ಗಾಳಿಯಲ್ಲಿರುವ ಓಜೋನಿನಿಂದ ರಬ್ಬರ್ ಬಿರಿಯದಂತೆ ತಡೆಯುವ ರಾಸಾಯನಿಕವನ್ನೂ ಬೆರೆಸಿರುತ್ತಾರೆ. ಇವು ಒಳಗೇ ಕೂತಿರುವುದಿಲ್ಲ, ಗಾಡಿ ಓಡಿದ ಹಾಗೆ ನಿಧಾನ ಹೊರಗೆ ಬರುತ್ತಿರುತ್ತವೆ, ಹೊರಗೆ ಗಾಳಿ ತಾಗಿ ಕಂದು ಬಣ್ಣಕ್ಕೆ ತಿರುಗುತ್ತವೆ. ಟೈರು ತನ್ನ ಕೆಲಸ ಮಾಡುತ್ತಿದೆ ಅಂತ ಅರ್ಥ, ಕೆಟ್ಟಿದೆ ಅಂತ ಅಲ್ಲ. ಆದರೆ ಈ ಪದರ ತೆಗೆಯದೆ ಅದರ ಮೇಲೆ ಪಾಲಿಶ್ ಹಾಕುತ್ತಾ ಹೋದರೆ ಎರಡೂ ಸೇರಿ ಗಟ್ಟಿ ಕಂದು ಪೊರೆ ಆಗುತ್ತದೆ. ಭಾವ ಮಾಡಿದ್ದು ಅದನ್ನೇ, ಪ್ರತಿ ಆಯುಧ ಪೂಜೆಗೆ ಒಂದು ಕೋಟು, ಮೂರು ವರ್ಷ.

ಬೇಕಾದದ್ದು ಬಟ್ಟೆ ಒಗೆಯುವ ಗಟ್ಟಿ ನೈಲಾನ್ ಬ್ರಷ್, ಕೈಗೆ ಗ್ಲೌಸು, ಎರಡು ಬಕೆಟ್ ನೀರು. ಮೊದಲು ಕಾರ್ ಶಾಂಪೂ ಹಾಕಿ ಉಜ್ಜಿ ನೋಡಿ. ಸಾಲದಿದ್ದರೆ ಟೈರ್ ಕ್ಲೀನರ್ ಅಥವಾ ಆಲ್ ಪರ್ಪಸ್ ಕ್ಲೀನರ್ ತನ್ನಿ, ಒಂದು ಪಾಲಿಗೆ 4 ಅಥವಾ 5 ಪಾಲು ನೀರು, ಬಾಟಲಿಯಲ್ಲಿ ಬೇರೆ ಅಳತೆ ಬರೆದಿದ್ದರೆ ಅದೇ ಸರಿ. ಒಂದು ಸಲಕ್ಕೆ ಒಂದೇ ಟೈರು. ಹಾಕಿ ಅರ್ಧ ನಿಮಿಷ ಬಿಟ್ಟು ಉಜ್ಜಿದರೆ ನೊರೆ ಇಳಿಯುತ್ತದೆ ನೋಡಿ, ಮೊದಲ ಸಲ ಭಾವನ ಜೀಪಿನಿಂದ ಇಳಿದದ್ದು ಥೇಟು ಅಡಿಕೆ ಬೇಯಿಸಿದ ತೊಗರು. ಅಷ್ಟೇ ಕೆಂಪು, ಅಷ್ಟೇ ದಪ್ಪ. ಅವನೇ ಬಗ್ಗಿ ನೋಡಿ ನಕ್ಕ. ತೊಳೆದು ಮತ್ತೆ ಹಾಕಿದಾಗ ಚಹಾದ ಬಣ್ಣ, ಮೂರನೇ ಸಲಕ್ಕೆ ಹಾಲು ಜಾಸ್ತಿ ಹಾಕಿದ ಚಹಾ, ನಾಲ್ಕನೇ ಸಲ ನೊರೆ ಬೆಳ್ಳಗೆ ನಿಂತಿತು. ನೊರೆ ಬೆಳ್ಳಗಾದರೆ ಟೈರು ಶುದ್ಧ, ಬೇರೆ ಲೆಕ್ಕ ಬೇಡ. ಟೈರು ಒಣಗಿದಾಗ ಹೊಳಪೇ ಇಲ್ಲದೆ ಸ್ಲೇಟಿನ ಹಾಗೆ ಕಂಡರೆ ಗಾಬರಿ ಬೇಡ, ಹಾಗೇ ಕಾಣಬೇಕು. ಭಾವ ಅದನ್ನೇ ನೋಡಿ ಪಾಲಿಶ್ ಬೇಡ, ಹೀಗೇ ಇರಲಿ ಅಂದ. ಸರಿಯೇ.

ಬೇಡದ್ದು: ತಂತಿ ಬ್ರಷ್, ಪಾತ್ರೆ ಉಜ್ಜುವ ಸ್ಟೀಲ್ ನಾರು, ಬಾತ್‌ರೂಮ್ ತೊಳೆಯುವ ಆಸಿಡ್. ಆಸಿಡ್ ಅಲಾಯ್ ರಿಮ್ಮನ್ನು ತಿನ್ನುತ್ತದೆ. ಪ್ರೆಶರ್ ಪಂಪಿನ ಮೂತಿಯನ್ನು ಟೈರಿಗೆ ತಾಗಿಸುವಷ್ಟು ಹತ್ತಿರ ಹಿಡಿದು ನೀರು ಹೊಡೆಯಬೇಡಿ, ರಬ್ಬರ್ ಸೀಳಬಹುದು. ಕೊಳೆ ನೀರು ಬಾವಿಯ ಕಡೆ, ತೋಟದ ಕಾಲುವೆಯ ಕಡೆ ಹರಿಯದ ಜಾಗ ನೋಡಿಕೊಳ್ಳಿ.

ಒಂದೇ ಮಳೆಗೆ ಪಾಲಿಶ್ ಹೋಯಿತು

ಜೂನ್‌ನಿಂದ ಸೆಪ್ಟೆಂಬರ್ ಆದರೆ ಇದು ತೊಂದರೆಯೇ ಅಲ್ಲ, ಮಳೆಗಾಲ. ನಮ್ಮ ಜಿಲ್ಲೆಯ ಕರಾವಳಿಯ ಮಳೆ ಎಂಥದ್ದು ಅಂತ ಹೇಳಬೇಕಾಗಿಲ್ಲ, ಅದರಲ್ಲಿ ಟೈರಿಗೆ ಪಾಲಿಶ್ ಹಾಕುವುದು ದಂಡ. ನಾನು ಆ ನಾಲ್ಕು ತಿಂಗಳು ತೊಳೆದು ಬಿಡುತ್ತೇನೆ, ಅಷ್ಟೇ.

ಬೇಸಿಗೆಯಲ್ಲೂ ನಾಲ್ಕು ದಿನಕ್ಕೆ ಹೋಗುತ್ತಿದ್ದರೆ ಮೂರು ಕಾರಣ ಇರಬಹುದು. ಟೈರಿನ ಮೇಲೆ ಹಳೇ ಜಿಡ್ಡು ಇದ್ದು ಹೊಸದು ರಬ್ಬರಿಗೆ ಹಿಡಿದಿಲ್ಲ, ನೊರೆ ಪರೀಕ್ಷೆ ಮಾಡಿ. ಒದ್ದೆ ಇರುವಾಗ ಹಾಕಿದ್ದೀರಿ. ಅಥವಾ ಹಾಕಿದ ಕೂಡಲೇ ಓಡಿಸಿದ್ದೀರಿ. ಮೂರೂ ಸರಿ ಇದ್ದರೆ ಮೊದಲ ಕೋಟು ಪೂರ್ತಿ ಒಣಗಿದ ಮೇಲೆ ಇನ್ನೊಂದು ತೆಳು ಕೋಟು ಹಾಕಿ ನೋಡಿ, ದಪ್ಪನೆ ಒಂದು ಕೋಟಿಗಿಂತ ತೆಳು ಎರಡು ಒಳ್ಳೆಯದು. ನೀರಿನ ಆಧಾರದ್ದು ಎರಡು ವಾರ ನಿಂತರೆ ನನ್ನ ಪ್ರಕಾರ ಸಾಕು, ತಿಂಗಳುಗಟ್ಟಲೆ ಇರಬೇಕು ಅಂತ ಆಸೆಪಟ್ಟು ಜಿಡ್ಡಿನದ್ದಕ್ಕೆ ಹೋಗಬೇಡಿ.

ಕೆನ್ನೆಯ ಮೇಲೆ ಕೂದಲೆಳೆ ಬಿರುಕು

ಇಲ್ಲಿಂದ ಮುಂದಿನದ್ದು ಅಂದದ ವಿಷಯ ಅಲ್ಲ. ಪಾಲಿಶ್ ಹಾಕಿದರೆ ಬಿರುಕು ಕಾಣುವುದಿಲ್ಲ, ಅದೇ ಅಪಾಯ. ಹಳೇ ಗಾಡಿ ಮಾರುವವರು ಟೈರಿಗೆ ಕರ್ರಗೆ ಬಳಿದು ನಿಲ್ಲಿಸುವುದು ಸುಮ್ನೆ ಅಲ್ಲ. ಗಾಡಿ ನೋಡಲು ಹೋದಾಗ ಒದ್ದೆ ಬಟ್ಟೆ ತೆಗೆದುಕೊಂಡು ಹೋಗಿ ಒರೆಸಿ ನೋಡಿ, ಮಾರುವವರು ಮುಖ ಸಿಂಡರಿಸಿದರೂ ಚಿಂತೆ ಇಲ್ಲ.

ನಮ್ಮ ಊರುಗಳಲ್ಲಿ ಈ ಬಿರುಕು ಜಾಸ್ತಿ ಕಾಣುವುದು ಓಡದೆ ನಿಂತ ಗಾಡಿಗಳಲ್ಲಿ. ಮಗ ಮುಂಬೈಯಲ್ಲೋ ಗಲ್ಫಿನಲ್ಲೋ ಇರುತ್ತಾನೆ, ಕಾರು ತಾಡಪಾಲಿನ ಕೆಳಗೆ ವರ್ಷಗಟ್ಟಲೆ. ಮೇಲೆ ಹೇಳಿದೆನಲ್ಲ, ಟೈರಿನ ಒಳಗಿನ ಮೇಣ, ರಕ್ಷಣೆಯ ರಾಸಾಯನಿಕ ಹೊರಗೆ ಬರಬೇಕಾದರೆ ಟೈರು ಉರುಳಿ ಬಾಗಿ ಏಳಬೇಕು. ನಿಂತಲ್ಲೇ ನಿಂತರೆ ಅದು ಬರುವುದಿಲ್ಲ, ಗಾಳಿ ಇಳಿಯುತ್ತದೆ, ಭಾರ ಒಂದೇ ಜಾಗಕ್ಕೆ ಬೀಳುತ್ತದೆ. ಪಕ್ಕದ ಮನೆಯ ಮಾರುತಿಯದ್ದು ಇದೇ ಕಥೆ. ಗ್ರಿಪ್ ನೋಡಿದರೆ ಹೊಸದರ ಹಾಗೆ, ಕೆನ್ನೆ ನೋಡಿದರೆ ಬೇಸಿಗೆಯಲ್ಲಿ ಬಿರುಕು ಬಿಟ್ಟ ಗದ್ದೆ. ‘ಓಡೇ ಇಲ್ವಲ್ಲೋ ತಮ್ಮ, ಸವೆದದ್ದು ಹೆಂಗೆ?’ ಅಂತ ಅಜ್ಜನ ಪ್ರಶ್ನೆ. ಓಡದೇ ಇದ್ದದ್ದಕ್ಕೇ ಅಜ್ಜ, ಅಂದೆ.

ವಯಸ್ಸು ನೋಡುವುದು ಹೀಗೆ. ಟೈರಿನ ಕೆನ್ನೆಯ ಮೇಲೆ ಡಿಒಟಿ ಅಂತ ಇಂಗ್ಲಿಷ್ ಅಕ್ಷರದಿಂದ ಶುರುವಾಗುವ ಸಾಲು ಇರುತ್ತದೆ, ಅದರ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ನಾಲ್ಕು ಅಂಕಿ ಹೊರಗೆ ಕಾಣದಿದ್ದರೆ ಒಳಗಿನ ಕೆನ್ನೆಯಲ್ಲಿರುತ್ತದೆ, ಮುಂದಿನ ಚಕ್ರವಾದರೆ ಸ್ಟೇರಿಂಗ್ ಪೂರ್ತಿ ತಿರುಗಿಸಿ ಮೊಬೈಲ್ ಟಾರ್ಚ್ ಹಾಕಿ ನೋಡಿ, ಗಾಡಿಯ ಅಡಿಗೆ ತೂರಬೇಡಿ. ಸ್ಟೆಪ್ನಿಯದ್ದೂ ನೋಡಿ, ಅದನ್ನು ಎಲ್ಲರೂ ಮರೆಯುತ್ತಾರೆ. ಐದು ವರ್ಷ ದಾಟಿದ್ದರೆ ವರ್ಷಕ್ಕೊಮ್ಮೆ ಟೈರ್ ಅಂಗಡಿಯವರಿಗೆ ತೋರಿಸಿ. ಹತ್ತು ವರ್ಷ ಆಗಿದ್ದರೆ ಗ್ರಿಪ್ ಎಷ್ಟೇ ಚೆನ್ನಾಗಿರಲಿ, ತೆಗೆಯಿರಿ.

ಬಿರುಕು ಮೇಲ್ಮೈಯಲ್ಲಿ ಮಾತ್ರ ಇದ್ದು ಉಗುರು ಸಿಕ್ಕಿಕೊಳ್ಳದಿದ್ದರೆ ತೋರಿಸಿ ಕೇಳಿಕೊಂಡು ಓಡಿಸಬಹುದು. ಉಗುರು ಒಳಗೆ ಇಳಿಯುತ್ತದೆ ಅಂದರೆ ಪಾಲಿಶ್ ಬಾಟಲಿ ಮುಚ್ಚಿಡಿ, ಹೈವೇಗೆ ಹೋಗಬೇಡಿ, ಘಟ್ಟ ಹತ್ತಬೇಡಿ.

ಉಬ್ಬು, ಸೀಳು, ಒಳಗಿನ ದಾರ ಕಾಣುವುದು

ನಿಲ್ಲಿಸಿ. ಕೆನ್ನೆಯ ಮೇಲೆ ಅರ್ಧ ನಿಂಬೆಹಣ್ಣಿನಂತೆ ಉಬ್ಬು ಎದ್ದಿದ್ದರೆ ಒಳಗಿನ ದಾರಗಳು ತುಂಡಾಗಿವೆ, ಹೊಂಡಕ್ಕೆ ಬಿದ್ದಾಗಲೋ ಕಲ್ಲಿಗೆ ಗುದ್ದಿದಾಗಲೋ ಆದದ್ದು. ಅದು ಯಾವಾಗ ಒಡೆಯುತ್ತದೆ ಅಂತ ಹೇಳಲಾಗದು. ಪಂಕ್ಚರ್ ಅಂಗಡಿಯಲ್ಲಿ ರಿಪೇರಿ ಆಗುವ ವಿಷಯ ಅಲ್ಲ, ಯಾರಾದರೂ ಪ್ಯಾಚ್ ಹಾಕಿ ಕೊಡುತ್ತೇನೆ ಅಂದರೆ ಒಪ್ಪಬೇಡಿ. ಅಲ್ಲೇ ಸ್ಟೆಪ್ನಿ ಹಾಕಿ, ನಿಧಾನ ಟೈರ್ ಅಂಗಡಿಗೆ ಹೋಗಿ. ಗ್ರಿಪ್ ಸಂದಿಯಲ್ಲಿರುವ ಸಣ್ಣ ಗುರುತಿನ ಮಟ್ಟಕ್ಕೆ ರಬ್ಬರ್ ಸವೆದಿದ್ದರೂ ಹಾಗೇ. ಕಾರಿನಲ್ಲಿ ಆ ಗುರುತು 1.6 ಮಿಲಿಮೀಟರ್ ಎತ್ತರ ಇರುತ್ತದೆ, ಅದಕ್ಕಿಂತ ಕಡಿಮೆಯಾದ ಟೈರು ನಮ್ಮ ಮಳೆ ರಸ್ತೆಯಲ್ಲಿ ನೀರಿನ ಮೇಲೆ ತೇಲುತ್ತದೆ.

ಪಾಲಿಶ್ ಆದ ಮೇಲೆ ಗಾಡಿ ಜಾರುತ್ತದೆ, ಬ್ರೇಕ್ ಹಿಡಿಯುವುದಿಲ್ಲ

ಎಲ್ಲಕ್ಕಿಂತ ಕೆಟ್ಟದ್ದು ಇದು, ಆಗುವುದೂ ಎಲ್ಲಕ್ಕಿಂತ ಸಣ್ಣ ಅಜಾಗರೂಕತೆಯಿಂದ. ಪಾಲಿಶ್ ರಸ್ತೆಗೆ ತಾಗುವ ಗ್ರಿಪ್ ಭಾಗಕ್ಕೆ ಹೋಗಲೇಬಾರದು. ಸ್ಕೂಟರ್, ಬೈಕುಗಳ ಟೈರಿಗೆ ನಾನಂತೂ ಹಚ್ಚುವುದೇ ಇಲ್ಲ, ಯಾರು ಕೇಳಿದರೂ ಬೇಡ ಅನ್ನುತ್ತೇನೆ. ಅದರ ಟೈರು ಗುಂಡಗೆ, ತಿರುವಿನಲ್ಲಿ ಗಾಡಿ ವಾಲಿದಾಗ ಕೆನ್ನೆಯ ಹತ್ತಿರದ ರಬ್ಬರೇ ರಸ್ತೆ ಹಿಡಿಯಬೇಕು. ಬೈತಖೋಲ ಬಂದರಿನ ಕಡೆ ಮೀನಿನ ನೀರು ಚೆಲ್ಲಿದ ರಸ್ತೆಯಲ್ಲಿ ಮೊದಲೇ ಜಾರುತ್ತದೆ, ಅದರ ಮೇಲೆ ಸಿಲಿಕೋನ್ ಬೇರೆಯಾ?

ಗ್ರಿಪ್ಪಿಗೆ ಹತ್ತಿದ್ದರೆ ಪಾತ್ರೆ ತೊಳೆಯುವ ಸೋಪು ಹಾಕಿ ಬ್ರಷ್ಷಿನಲ್ಲಿ ಚೆನ್ನಾಗಿ ಉಜ್ಜಿ, ಎರಡು ಸಲ ತೊಳೆದು, ಪೂರ್ತಿ ಒಣಗಿಸಿ, ಮೊದಲ ಕೆಲವು ಕಿಲೋಮೀಟರ್ ನಿಧಾನ ಹೋಗಿ. ಅಂಗಳದ ಟೈಲ್ಸಿನ ಮೇಲೆ ಚೆಲ್ಲಿದ್ದರೆ ಅದನ್ನೂ ಕೂಡಲೇ ತೊಳೆಯಿರಿ, ಮನೆಯ ಹಿರಿಯರು ಜಾರಿ ಬೀಳುವುದು ಇಂಥದ್ದರ ಮೇಲೆಯೇ.

ಆಯುಧ ಪೂಜೆಯ ದಿನ ಇನ್ನೊಂದು ಎಚ್ಚರ. ಸ್ಪ್ರೇ ಡಬ್ಬದ ಪಾಲಿಶ್ ಹೊಡೆದ ಕೂಡಲೇ ಚಕ್ರದ ಬುಡದಲ್ಲಿ ಕರ್ಪೂರ, ಊದುಬತ್ತಿ ಹಚ್ಚಬೇಡಿ. ಆ ಆವಿಗೆ ಬೆಂಕಿ ಹೊತ್ತಿಕೊಳ್ಳುತ್ತದೆ. ಶೆಡ್ಡಿನ ಬಾಗಿಲು ಹಾಕಿಕೊಂಡು ಸ್ಪ್ರೇ ಮಾಡುವುದೂ ಬೇಡ. ಪಾಲಿಶ್ ಹಿಂದಿನ ದಿನ, ಪೂಜೆ ಮರುದಿನ.

ಬ್ರೇಕಿನ ವಿಷಯಕ್ಕೆ ಬಂದರೆ, ಅಲಾಯ್ ರಿಮ್ಮಿನ ಕಂಡಿಯಿಂದ ಸ್ಪ್ರೇ ಸೀದಾ ಡಿಸ್ಕಿನ ಮೇಲೆ ಬೀಳುತ್ತದೆ, ಹೊಡೆಯುವವರಿಗೆ ಗೊತ್ತೇ ಆಗುವುದಿಲ್ಲ. ಡಿಸ್ಕಿನ ಮೇಲೆ ಎಣ್ಣೆಯ ಹಾಗೆ ಮಿಂಚು ಕಂಡರೆ, ಅಥವಾ ಅಂಗಳದಲ್ಲೇ ಮೆಲ್ಲ ಚಲಿಸಿ ಬ್ರೇಕ್ ಒತ್ತಿದಾಗ ಎಂದಿಗಿಂತ ಮೆತ್ತಗೆ ಹಿಡಿದರೆ, ಗಾಡಿ ಒಂದು ಕಡೆ ಎಳೆದರೆ, ಗೇಟು ದಾಟಬೇಡಿ. ಒಂದು ಸಲ ಜೋರಾಗಿ ಬ್ರೇಕ್ ಹಾಕಿದರೆ ಸುಟ್ಟು ಹೋಗುತ್ತದೆ ಅನ್ನುವ ಮಾತು ನಂಬಬೇಡಿ. ಮೆಕ್ಯಾನಿಕ್ ಮನೆಗೇ ಬರಲಿ. ಡಿಸ್ಕನ್ನು ಬ್ರೇಕ್ ಕ್ಲೀನರಿನಲ್ಲಿ ತೊಳೆಯಬಹುದು, ಆದರೆ ಪ್ಯಾಡು ಸಿಲಿಕೋನ್ ಹೀರಿದ್ದರೆ ಅದನ್ನು ಬದಲಿಸುವುದೇ ದಾರಿ. ಆ ಚಕ್ರದ್ದು ಮಾತ್ರ ಹಾಕಿದರೆ ಸಾಕಲ್ವಾ ಅಂತ ಕೇಳಬೇಡಿ, ಎಡ ಬಲ ಎರಡರದ್ದೂ ಒಟ್ಟಿಗೇ ಹಾಕಿಸಿ.